ಗೋಕರ್ಣಕ್ಕೆ ಒಂದು ಕಂಬಿ

ಪುಚೊಂಗ್, ಮಲೇಷ್ಯಾ
೧೨ ಮಾರ್ಚ್ ೨೦೨೫

ಮೈದುನ ರಾಮದಾಸನಿಗೆ,

ಆಶೀರ್ವಾದ ಗೀಶೀರ್ವಾದ ಈ ಸಲ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

"ಅಣ್ಣನ ಅಸ್ಥಿ ಯಾವಾಗ ಕಳಿಸ್ತೀರಿ ಅತ್ತಿಗೆ, ಗೋಕರ್ಣಕ್ಕೆ ಹೋಗ್ಬೇಕು" ಎಂದು ಉಡುಪಿಯಿಂದ ಮೂರು ಸಲ ಫೋನು ಮಾಡಿದೆ. ಅಸ್ಥಿ ಇಲ್ಲ. ನಿನ್ನಣ್ಣನನ್ನು ಸುಡಲೇ ಇಲ್ಲ. ಗೊಬ್ಬರ ಮಾಡಿಸಿದೆ.

ಮಣಿಪಾಲದ ಕೀರ್ತಿರಾಜ್ ಡಾಕ್ಟ್ರು ಇಲ್ಲಿನ ಕಾಲೇಜಿನಲ್ಲಿ ಈ ಪ್ರಯೋಗ ನಡೆಸುತ್ತಾರೆ. ಹೆಣವನ್ನು ಪೆಟ್ಟಿಗೆಯೊಳಗೆ ಮರದ ಚೂರು, ಹುಲ್ಲಿನ ನಡುವೆ ಮಲಗಿಸಿ ಗಾಳಿಯಾಡಲು ಬಿಟ್ಟರೆ ಮೂರು ತಿಂಗಳಿಗೆ ಮೂಳೆಯ ಪುಡಿಯೂ ಸೇರಿ ಎಲ್ಲ ಮಣ್ಣು. ಮರದ ಚೂರನ್ನು ನಿಮ್ಮ ಹಳೇ ಮಿಲ್ಲಿನಿಂದಲೇ ತರಿಸಿದೆ. ಜೀವಮಾನವಿಡೀ ಕೊಯ್ದ ಮರದಲ್ಲೇ ಮಲಗಲಿ!

ಆ ಮಣ್ಣು ಎಲ್ಲಿಗೆ ಹೋಯಿತು ಗೊತ್ತೇ? ಪಹಾಂಗಿನ ಅದೇ ಗುಡ್ಡಕ್ಕೆ. ನೀವಿಬ್ಬರೂ ಸೇರಿ ಒಂದು ಮರ ಉಳಿಸದೆ ಬೋಳಿಸಿದ ಗುಡ್ಡ. ಮಣ್ಣು ಜಾರುತ್ತಿದೆ ಎಂದು ನನ್ನ ತಮ್ಮ ಸುಬ್ರಾಯ ಲಾರಿ ನಿಲ್ಲಿಸಿದಾಗ, "ಹೆದರ್ಬೇಡ್ವೋ, ಇನ್ನೊಂದೇ ಲೋಡು" ಎಂದು ಅವನನ್ನು ಮೇಲಕ್ಕೆ ಅಟ್ಟಿದವನು ನೀನು. ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡವರು ನಿನ್ನಣ್ಣ. ಗುಡ್ಡ ಕುಸಿಯಿತು. ಲಾರಿ ಸಿಕ್ಕಿತು, ಸುಬ್ರಾಯ ಸಿಗಲಿಲ್ಲ. ಅದೇ ವಾರ ನೀನು ಊರಿಗೆ ವಿಮಾನ ಹತ್ತಿದೆ.

ಹನ್ನೊಂದು ವರ್ಷ! ನನ್ನ ತಮ್ಮನ ಅಸ್ಥಿ ಎಲ್ಲಿ ಎಂದು ಒಂದು ದಿನ ಕೇಳಿದೆಯಾ? ನಮ್ಮಮ್ಮ ದರ್ಭೆಯ ಗೊಂಬೆ ಕಟ್ಟಿಸಿ, ಅದನ್ನು ಸುಡಿಸಿ ಮಗನ ಕ್ರಿಯೆ ಮುಗಿಸಬೇಕಾಯಿತು.

ಮೊನ್ನೆ ಆ ಮಣ್ಣನ್ನು ನನ್ನ ಕೈಯಾರೆ ಗುಂಡಿಗಳಿಗೆ ಸುರಿದೆ. ಒಂದೊಂದರಲ್ಲೂ ನೀವು ಕಡಿದ ಜಾತಿಯದೇ ಮೆರಂತಿ ಮರದ ಸಸಿ ನೆಟ್ಟೆ. ಕಡಿದವರು ಇನ್ನು ಬೆಳೆಸುತ್ತಾ ಇರಲಿ.

ನಿನಗೆ ಬರಿಗೈ ತೋರಿಸಿದೆ ಎನ್ನಬೇಡ. ಮಣ್ಣನ್ನು ಜರಡಿ ಹಿಡಿದಾಗ ನಿನ್ನಣ್ಣನ ಮುರಿದ ಕಾಲಿನೊಳಗೆ ಆಸ್ಪತ್ರೆಯಲ್ಲಿ ಹಾಕಿದ್ದ ಕಂಬಿ ಸಿಕ್ಕಿತು. ತೊಳೆದು ಈ ಪಾರ್ಸೆಲ್ಲಿನಲ್ಲಿಟ್ಟಿದ್ದೇನೆ. ದರ್ಭೆಯ ಗೊಂಬೆಗಿಂತ ಇದು ಮೇಲಲ್ಲವೇ? ಗೋಕರ್ಣಕ್ಕೆ ಒಯ್ಯಿ. ಇದೇನು, ಮೂಳೆ ಎಲ್ಲಿ ಎಂದು ಭಟ್ಟರು ಕೇಳಿದರೆ ಸುಬ್ರಾಯನ ಕಥೆಯಿಂದ ಶುರುಮಾಡಿ ನೀನೇ ಬಾಯಿಬಿಟ್ಟು ಹೇಳು.

ನಿನ್ನ ಅತ್ತಿಗೆ,
ವಾರಿಜಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದೆ. ಗೊಬ್ಬರ ಮಾಡಿಸಿದ್ದು ನಾನಲ್ಲ, ಕಾಗದಕ್ಕೆ ಸಹಿ ಹಾಕಿದವರು ನಿನ್ನಣ್ಣನೇ. ಸುಬ್ರಾಯ ಬಿದ್ದ ಕಡೆಯೇ ನನ್ನನ್ನು ಹಾಕು ಎಂದು ಸಾಯುವ ಮುಂಚೆ ಕೈ ಹಿಡಿದು ಅತ್ತರು. ಅಲ್ಲಿ ಹಾಕಲಿಲ್ಲ. ಗುಡ್ಡದ ನಡುವೆ ಹರಿಯುವ ತೋಡಿನ ಈಚೆಗೆ ಹಾಕಿದೆ. ಸುಬ್ರಾಯ ಬಿದ್ದ ಆಚೆ ದಡ ಇನ್ನೂ ಬೋಳಾಗಿಯೇ ಇದೆ. ಅದು ನನ್ನ ಜಾಗ. ನನ್ನನ್ನೂ ಗೊಬ್ಬರ ಮಾಡಲು ಡಾಕ್ಟ್ರಿಗೆ ಫಾರಂ ಕೊಟ್ಟಾಯಿತು.