ನಾನೇ ದೊಡ್ಡ ಚುಕ್ಕಿ

ಜುಲೈ 18, ಆಡಿ ತಿಂಗಳ ಮೊದಲ ಶುಕ್ರವಾರ.

ತೋಳು ನೋಯುತ್ತಿದೆ, ಆದರೂ ನಗು ಬರುತ್ತಿದೆ. ದಿಂಡಿಗಲ್ಲಿನಲ್ಲಿ ಗಣಿತ ಓದುವ ಅಕ್ಕನ ಮಗಳು ಜೀವಾ, ನಮ್ಮ ಓಡೈಪಟ್ಟಿಯಲ್ಲಿ ಫ್ಲೂ ಜ್ವರ ಹೇಗೆ ಹರಡೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿದ್ದಾಳೆ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ; ಹೆಚ್ಚು ಮನೆ ತಿರುಗುವವರಿಗೆ ದೊಡ್ಡದು. ಎಲ್ಲಕ್ಕಿಂತ ದೊಡ್ಡ ಚುಕ್ಕಿ ನಾನಂತೆ!

“ಮಾರಿಯಮ್ಮನ್ ಅಂಬ್ಲಿ ಹೊತ್ಕಂಡು ಮನೆಮನೆಗೂ ಹೋಗೋಳು ನೀನೇತಾನೆ ಸಿನ್ನಮ್ಮಾ? ಜ್ವರಾನೂ ನಿನ್ ಜತೇಲೇ ಹೋಗುತ್ತೆ.”

ನಾನು ಕೇಳಿದೆ: “ಹಂಗಾದ್ರೆ ಈ ವರ್ಷ ಅಂಬ್ಲಿ ಕೊಡಬಾರ್ದಾ?”

“ಆಡಿ ಕಡೇ ಶುಕ್ರವಾರ ಕೊಡು. ಫ್ಲೂ ಊಸಿ ಇವತ್ತೇ ಹಾಕಿಸ್ಕೋ, ಅಷ್ಟೊತ್ತಿಗೆ ಅದು ಕೆಲ್ಸ ಮಾಡುತ್ತೆ.”

ಆಸ್ಪತ್ರೆಗೆ ಹೋಗಿ, ಮಾರಿಯಮ್ಮ ತಾಯಿಯನ್ನು ನೆನೆದು, ಕಣ್ಣು ಮುಚ್ಚಿ ಲಸಿಕೆಯ ಸೂಜಿ ಹಾಕಿಸಿಕೊಂಡೆ. ಬರುವಾಗ ಸುಮ್ಮನಿರಲಾಗದೆ ಮನೆಮನೆಗೂ ನುಗ್ಗಿ ತೋಳು ತೋರಿಸಿದೆ. ಸಂಜೆ ಆಸ್ಪತ್ರೆಯ ಮುಂದೆ ಸಾಲು! ಪಕ್ಕದ ಮನೆಯ ಪಾಪಮ್ಮಾಳ್ ತೋಳು ತಿಕ್ಕುತ್ತಾ ಬಂದು ಬೈದಳು:

“ಅಡಿಯೇ, ನಿನ್ನಿಂದ ನನ್ಗೂ ಅಂಟ್ಕಂತು ಈ ಊಸಿ!”

ತಾಯೀ, ಇದನ್ನು ಜೀವಾ ಯಾವ ಲೆಕ್ಕಕ್ಕೆ ಸೇರಿಸುತ್ತಾಳೋ…