ನಮ್ಮ ಮತಗಟ್ಟೆಯ ಒಂದು ಓಟು

ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಇವತ್ತು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು, ಒರೆಸಿ, ಜೋಡಿಸಿಟ್ಟಾಯಿತು. ಇನ್ನು ಎದ್ದುಹೋಗಲು ನೆಪವಿಲ್ಲ.

ನೀನು ಕೇಳಿದ ನಿನ್ನ ಅಣ್ಣನ ನೋಟ್‌ಬುಕ್ಕನ್ನು ಈ ಕಾಗದದ ಜೊತೆಗೇ ಕಟ್ಟಿ ಕಳಿಸುತ್ತಿದ್ದೇನೆ. ಗ್ರಂಥಾಲಯದವರು ಅದನ್ನು ಪುಸ್ತಕ ಮಾಡುತ್ತಾರೆ, ನೀನು ತಿದ್ದಿ ಮುನ್ನುಡಿ ಬರೆಯುತ್ತೀಯ ಎಂದು ತಿಳಿದು ಸಂತೋಷವಾಯಿತು. ಕಡಲ ಗಾಳಿಗೆ ಹಾಳೆಗಳು ಮೆತ್ತಗಾಗಿವೆ. ಬಿಸಿಲಿಗೆ ಇಡಬೇಡ, ಶಾಯಿ ಮಾಸುತ್ತದೆ. ಫ್ಯಾನಿನ ಕೆಳಗೆ ಬಿಡಿಸಿಟ್ಟರೆ ಸಾಕು, ಇವರು ಹಾಗೇ ಮಾಡುತ್ತಿದ್ದರು.

ಆದರೆ ನಿನ್ನ ಕಾಗದದ ಕೊನೆಯಲ್ಲಿ ಒಂದು ಮಾತಿದೆ. ಮುನ್ನುಡಿಯ ಮೊದಲ ಸಾಲಿನಲ್ಲೇ ನನ್ನನ್ನು ನೆನೆಯುತ್ತೇನೆ ಎಂದು ಬರೆದಿದ್ದೀಯ. ‘ಸ್ವಂತ ಅಣ್ಣನೇ ಕೈಬಿಟ್ಟಾಗ ತವರಿನ ಮತಗಟ್ಟೆಯಲ್ಲಿ ನನಗೆ ಬಿದ್ದ ಒಂದೇ ಒಂದು ಓಟು ನಮ್ಮ ಅತ್ತಿಗೆಯದು’ ಅಂತ. ತಂಗಿ, ಅದು ಅಚ್ಚಾಗಬಾರದು. ಏಕೆಂದು ಹೇಳುತ್ತೇನೆ. ನೇರವಾಗಿ ಹೇಳಲು ಕೈ ಬರುತ್ತಿಲ್ಲ, ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಸಹಿಸಿಕೋ.

ಇವರು ಹೋದ ಈ ನಾಲ್ಕು ತಿಂಗಳಿಂದ ದಿನಕ್ಕೆ ಎರಡು ಮೂರು ಪುಟದಂತೆ ಆ ನೋಟ್‌ಬುಕ್ಕನ್ನೇ ಓದುತ್ತಿದ್ದೇನೆ. ಮನೆಯಲ್ಲಿ ಇವರ ದನಿ ಉಳಿದಿರುವುದು ಅದರಲ್ಲಿ ಮಾತ್ರ. ಬಂದರು ಕಚೇರಿಯ ಗುಮಾಸ್ತರಾಗಿ ಮೂವತ್ತು ವರ್ಷ ಚುನಾವಣೆ ಕೆಲಸಕ್ಕೆ ಹೋಗಿ ಬಂದ ಮನುಷ್ಯ ನಮ್ಮ ಈ ಕಡಲ ಕರೆಯ ಸಂಸತ್ ಕ್ಷೇತ್ರದ ಹದಿನಾಲ್ಕು ಚುನಾವಣೆಗಳನ್ನೂ ಅದರಲ್ಲಿ ಬರೆದಿಟ್ಟಿದ್ದಾರೆ. ಯಾರು ನಿಂತರು, ಎಷ್ಟು ಓಟು, ಎಷ್ಟರಲ್ಲಿ ಗೆದ್ದರು. ಅದರ ಕೆಳಗೆ ತಮ್ಮದೊಂದು ಸಾಲು.

ಮೊದಲ ಚುನಾವಣೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇತ್ತಂತೆ. ಎಣಿಸಲು ತೆರೆದರೆ ಒಂದರಲ್ಲಿ ಎರಡು ಕಾರ್ಡು ಸಿಕ್ಕಿದವು, ವಿಳಾಸ ಬರೆದದ್ದು. ಯಾರೋ ಅಂಚೆ ಡಬ್ಬಿ ಅಂದುಕೊಂಡು ಹಾಕಿದ್ದರು. ಇವರ ಸಾಲು: ‘ಎರಡನ್ನೂ ಮರುದಿನ ಅಂಚೆಗೆ ಹಾಕಲಾಯಿತು.’ ಮೂರನೆಯ ಚುನಾವಣೆಯಲ್ಲಿ ನಡುಗಡ್ಡೆಯ ಪೆಟ್ಟಿಗೆಗಳನ್ನು ತರುತ್ತಿದ್ದ ದೋಣಿ ಇಳಿತಕ್ಕೆ ಸಿಕ್ಕಿ ಹೂಳಿನಲ್ಲಿ ಕೂತುಬಿಟ್ಟಿತು. ಕಡಲು ಏರುವ ತನಕ ಆರು ಗಂಟೆ ಇಡೀ ಕ್ಷೇತ್ರ ಕಾಯಿತು, ಕೊನೆಗೆ ನಲವತ್ತೊಂದು ಓಟಿನಲ್ಲಿ ತೀರ್ಮಾನವಾಯಿತು. ಆಮೇಲೆ ಆ ವಕೀಲರು. ನಾಲ್ಕು ಸಲ ಗೆದ್ದರು, ಮೀನುಗಾರರ ಬಂಧು ಎಂದು ಗೋಡೆಗೋಡೆಯ ಮೇಲೂ ಬರೆಸಿಕೊಂಡರು. ಇವರ ಸಾಲು: ‘ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ದೋಣಿ ಹತ್ತಲಿಲ್ಲ. ವಾಂತಿ ಬರುತ್ತಿತ್ತು.’ ಅದನ್ನು ತಿದ್ದಬೇಡ, ಹಾಗೇ ಇರಲಿ.

ಕಾಗದದ ಓಟಿನ ಕಾಲದಲ್ಲಿ ಎಣಿಕೆಗೆ ಮೊದಲು ಎಲ್ಲ ಮತಗಟ್ಟೆಗಳ ಚೀಟಿಗಳನ್ನೂ ಒಂದು ದೊಡ್ಡ ಡ್ರಮ್ಮಿಗೆ ಸುರಿದು ತಿರುವಿ ಬೆರೆಸುತ್ತಿದ್ದರಂತೆ, ಯಾವ ಬೀದಿ ಯಾರಿಗೆ ಹಾಕಿತು ಎಂದು ಯಾರಿಗೂ ತಿಳಿಯಬಾರದೆಂದು. ಆ ಡ್ರಮ್ ತಿರುವಿದ ದಿನ ಇವರ ಭುಜ ನೋಯುತ್ತಿತ್ತು. ಎಣ್ಣೆ ಹಚ್ಚುತ್ತಾ ನಾನು ಬೈದರೆ, “ಊರಿನ ಮಾನ ಉಳಿಸಿ ಬಂದಿದ್ದೀನಿ ಕಣೇ, ಸ್ವಲ್ಪ ಒತ್ತಿ ಹಚ್ಚು” ಅನ್ನುತ್ತಿದ್ದರು. ಹನ್ನೊಂದನೆಯ ಚುನಾವಣೆಗೆ ಮಷಿನ್ ಬಂತು. ಒಂದೊಂದು ಮತಗಟ್ಟೆಯ ಲೆಕ್ಕವೂ ಬೇರೆ ಬೇರೆಯಾಗಿ ಕಾಣತೊಡಗಿತು. ಅದೇ ನಿನ್ನ ಚುನಾವಣೆ.

ಹದಿನೇಳು ವರ್ಷವಾಯಿತು. ಬಂದರು ದೊಡ್ಡದು ಮಾಡುತ್ತೇವೆಂದು ದಡವನ್ನೂ ನಿನ್ನ ಶಾಲೆಯನ್ನೂ ತೆಗೆಯಲು ಹೊರಟಾಗ ನೀನು ಕೆಲಸ ಬಿಟ್ಟು, ಯಾವ ಪಕ್ಷವೂ ಇಲ್ಲದೆ, ಬಾಚಣಿಗೆ ಗುರುತಿನ ಮೇಲೆ ನಿಂತೆ. ಮೂಲೆಯಂಗಡಿಯ ಕ್ಷೌರಿಕ ನಿನ್ನ ಕರಪತ್ರ ನೋಡಿ, “ಟೀಚರಮ್ಮ, ಬೋಳುತಲೆಯವರ ಓಟು ನಿಮಗೆ ತಪ್ಪಿಹೋಯ್ತು ಬಿಡಿ” ಅಂದದ್ದು ನೆನಪಿದೆಯೇ? ನೀನು ಬಿಡಲಿಲ್ಲ. “ಅವರ ಹೆಂಡತಿಯರದ್ದು ಸಿಕ್ಕರೆ ಸಾಕು ನನಗೆ” ಅಂದೆ. ಬೀದಿಯೆಲ್ಲ ನಕ್ಕಿತು. ಎಲ್ಲರೂ ನಿನಗೇ ಹಾಕುತ್ತೇವೆ ಅಂದರು.

ನಾನಾಗ ಮಂಜುಗಡ್ಡೆ ಕಾರ್ಖಾನೆಯಲ್ಲಿದ್ದೆ. ಬೆಳಗಿನ ಐದು ಗಂಟೆಗೆ ಬಾಗಿಲ ಪಕ್ಕದ ಕಿಂಡಿಯಲ್ಲಿ ಕೂತು, ದೋಣಿಯವರಿಗೆ ಟೋಕನ್ ಕೊಡುವ ಕೆಲಸ. ಕೈಬೆರಳು ಹನ್ನೆರಡು ತಿಂಗಳೂ ಮರಗಟ್ಟಿರುತ್ತಿದ್ದವು. ಓಟಿಗೆ ಎಂಟು ದಿನವಿರುವಾಗ ಗೆಲ್ಲುವ ಪಕ್ಷದ ಮೇಸ್ತ್ರಿ ಕಿಂಡಿಯ ಹತ್ತಿರ ಬಂದು ನಿಂತ. “ಅಕ್ಕ, ಈ ಸಲ ಡ್ರಮ್ಮೂ ಇಲ್ಲ, ಬೆರೆಸೋದೂ ಇಲ್ಲ. ಈ ಕಾರ್ಖಾನೆಯವರ ಬೀದಿ ಏನು ಮಾಡ್ತು ಅಂತ ಸಂಜೆಗೇ ಗೊತ್ತಾಗತ್ತೆ. ಹೆಂಗಸರ ಕೆಲಸ ಖಾಯಂ ಆಗೋದೂ ಬಿಡೋದೂ ಸಾಹೇಬರ ಕೈಲಿದೆ” ಅಂದ. ನಮ್ಮ ಬೀದಿಯವರು ಹೆದರಿದ್ದು ಇದಕ್ಕೇ. ನಾನೂ ಇದಕ್ಕೇ ಹೆದರಿದೆ ಎಂದು ತಿಳಿ.

ಅಭ್ಯರ್ಥಿಯ ಅಣ್ಣನೆಂದು ಆ ಸಲ ಇವರನ್ನು ಚುನಾವಣೆ ಕೆಲಸಕ್ಕೆ ಹಾಕಿರಲಿಲ್ಲ. ಅಷ್ಟು ವರ್ಷವೂ ಅಂಚೆಯಲ್ಲಿ ಓಟು ಕಳಿಸುತ್ತಿದ್ದವರು ಅಂದು ಮೊದಲ ಬಾರಿಗೆ ನನ್ನ ಜೊತೆ ನಮ್ಮದೇ ಬೀದಿಯ ಸಾಲಿನಲ್ಲಿ ನಿಂತರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮೊದಲು ಅವರು ಒಳಗೆ ಹೋಗಿಬಂದರು, ಆಮೇಲೆ ನಾನು. ರಟ್ಟಿನ ಮರೆಯ ಹಿಂದೆ ನಿಂತು ನೋಡಿದೆ. ನಿನ್ನ ಹೆಸರು ಒಂಬತ್ತನೆಯದು, ಪಕ್ಕದಲ್ಲಿ ಬಾಚಣಿಗೆ. ಅದರ ಮೇಲೆ ಬೆರಳು ಇಟ್ಟೂ ಇದ್ದೆ. ಆಮೇಲೆ ಬೆರಳನ್ನು ಮೇಲಕ್ಕೆ ಸರಿಸಿ ಎರಡನೆಯದನ್ನು, ಆ ಗೆಲ್ಲುವ ಪಕ್ಷದ್ದನ್ನು, ಒತ್ತಿದೆ. ಮಷಿನ್ ಕೂಗಿಕೊಂಡಿತು. ಅಷ್ಟು ದೊಡ್ಡ ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೌದು ತಂಗಿ. ಹೇಳಬೇಕಾದದ್ದು ಇದೇ. ನಾನು ನಿನಗೆ ಹಾಕಲಿಲ್ಲ.

ಹೊರಗೆ ಇವರು ಮಸಿ ಹಚ್ಚಿದ ಬೆರಳನ್ನು ಎತ್ತಿಕೊಂಡು ಕಾಯುತ್ತಿದ್ದರು. “ಊರವರ ಬೆರಳಿಗೆಲ್ಲ ಹಚ್ಚಿದವನು ನಾನು. ಇವತ್ತು ಆ ಹುಡುಗಿ ನನ್ನ ಬೆರಳು ಹಿಡಿದ್ರೆ ಕಚಗುಳಿ ಆಯ್ತು ಕಣೇ” ಅಂದರು. ದಾರಿಯಲ್ಲಿ, “ತಂಗಿ ಹೆಸರು ಅಚ್ಚಲ್ಲಿ ನೋಡಿ ಕಣ್ಣು ತುಂಬ್ತು. ಒತ್ತಿದ ಮೇಲೂ ಅಲ್ಲಿಂದ ಬೆರಳು ತೆಗೆಯೋಕೆ ಮನಸ್ಸಾಗ್ಲಿಲ್ಲ” ಅಂದರು. ತಾವು ಯಾರಿಗೆ ಹಾಕಿದ್ದೆಂದು ಅವರು ಬಾಯಿಬಿಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ನಾನು ಚಪ್ಪಲಿಗೆ ಮರಳು ಹೊಕ್ಕಿದೆ ಎಂದು ಬಗ್ಗಿ ಕೊಡವಿಕೊಂಡೆ.

ಫಲಿತಾಂಶದ ಮರುದಿನ ನೀನು ಬಂದೆ. ನಮ್ಮ ಮತಗಟ್ಟೆಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದೆ. ಒಟ್ಟು ಆರುನೂರ ಹನ್ನೆರಡು ಓಟು, ಬಾಚಣಿಗೆಗೆ ಒಂದು. “ಬೀದಿಯವರನ್ನ ಬಿಡಿ, ಅವರು ಚಹಾ ಕುಡಿದು ಮರೀತಾರೆ. ಈ ಮನೇಲಿ ಇಬ್ಬರಿದ್ದೀರಿ. ಇಲ್ಲಿ ಒಂದಿದೆ. ಇನ್ನೊಂದು ಎಲ್ಲಿ ಹೋಯ್ತು?” ಎಂದು ಕೇಳಿದೆ.

ಇವರು ಹಾಳೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಲೆಕ್ಕ ಮಾಡುವವರಿಗೆ ಎಷ್ಟು ಹೊತ್ತು ಬೇಕು? ಅಷ್ಟೇ ಹೊತ್ತು. ನಿನ್ನ ಕಡೆ ತಿರುಗಿ, “ಯಾರು ಯಾರಿಗೆ ಹಾಕಿದ್ರು ಅಂತ ಕೇಳಬಾರದು ಮಗೂ. ಕೇಳಿದ್ರೂ ಹೇಳಬಾರದು” ಅಂದರು.

ಆಗ ನಾನು ಬಾಯಿ ತೆರೆದೆ. “ನಾನಂತೂ ಬಾಚಣಿಗೆಗೇ ಒತ್ತಿದ್ದು ಕಣೇ, ನಿನ್ನಾಣೆಗೂ.”

ನೀನು ನನ್ನನ್ನು ಅಪ್ಪಿಕೊಂಡು ಅತ್ತೆ. ನಿನ್ನ ಭುಜದ ಮೇಲಿಂದ ನನಗೆ ಇವರ ಮುಖ ಕಾಣುತ್ತಿತ್ತು. ಇವರು ಹಾಳೆಯನ್ನು ಮಡಿಕೆಯ ಗುರುತಿನ ಮೇಲೇ ಮತ್ತೆ ಮಡಚುತ್ತಿದ್ದರು. ನೀನು ಅವರ ಕಡೆ ತಿರುಗಿ ಹೇಳಿದ್ದನ್ನು ನಾನು ಮರೆಯಲು ನೋಡಿದೆ, ಆಗಲಿಲ್ಲ. “ಅದಕ್ಕೇನಾ ಗುಮಾಸ್ತರು ಕಾನೂನು ಓದ್ತಿರೋದು? ಬಂದರಿನ ಅನ್ನ ತಿಂದವನು ಬಂದರಿಗೇ ಓಟು ಹಾಕಿದ. ನನಗೊಬ್ಬ ಅಣ್ಣ ಇದ್ದ, ಎಣಿಕೇಲಿ ಕಳೆದುಹೋದ.” ಹೋದವಳು ಅವರು ಇರುವ ತನಕ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ನಾನು ದಿನಚರಿ ಬರೆಯುವವಳೆಂದು ನಿನಗೆ ಗೊತ್ತು. ಆ ದಿನದ ಪುಟ ತೆಗೆದು ನೋಡಿದೆ. ‘ನಾದಿನಿ ಬಂದಿದ್ದಳು. ತುಂಬಾ ಸೆಕೆ.’ ಇಷ್ಟೇ ಇದೆ. ನನ್ನ ಪುಸ್ತಕಕ್ಕೂ ನಾನು ನಿಜ ಹೇಳಿರಲಿಲ್ಲ.

ಆಮೇಲೆ ನೀನು ನನ್ನನ್ನು ಮಾತ್ರ ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಸಿಕ್ಕಾಗ ಮಾತಾಡಿಸುತ್ತಿದ್ದೆ. “ಅಂಥವನ ಜೊತೆ ಹೇಗೆ ಏಗ್ತೀಯೋ ಅತ್ತಿಗೆ” ಅನ್ನುತ್ತಿದ್ದೆ. ಆ ಕನಿಕರವನ್ನೂ ನಾನು ಬೇಡವೆನ್ನದೆ ತೆಗೆದುಕೊಂಡೆ. ತಲೆ ಕೂಡ ಆಡಿಸುತ್ತಿದ್ದೆ. ಮನೆಗೆ ಬಂದರೆ ಇವರು, “ಹೇಗಿದ್ದಾಳೆ? ಮಂಡಿನೋವು ಹೇಗಿದೆಯಂತೆ?” ಎಂದು ಕೇಳುತ್ತಿದ್ದರು.

ಐದಾರು ವರ್ಷದ ಮೇಲೆ ಒಮ್ಮೆ ಹೇಳಲು ಹೊರಟೆ. “ಆ ಓಟು...” ಅನ್ನುವಷ್ಟರಲ್ಲಿ ಇವರು ಕೈ ಅಡ್ಡ ಹಿಡಿದರು. “ಮರೆಯ ಹಿಂದೆ ನಡೆದದ್ದನ್ನ ಈಚೆ ಕೂತವನು ಕೇಳೋ ಹಾಗಿಲ್ಲ. ಇಷ್ಟು ವರ್ಷ ಕೇಳಿಲ್ಲ, ಈಗಲೂ ಕೇಳಲ್ಲ” ಅಂದರು. ನನಗೆ ಹಗುರವಾಯಿತು. ಹಗುರವಾಯಿತಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಹನ್ನೊಂದನೆಯ ಚುನಾವಣೆ ತೆಗೆದು ನೋಡು. ಹದಿನಾಲ್ಕು ಅಭ್ಯರ್ಥಿಗಳು, ನಿನಗೆ ಒಟ್ಟು ಎರಡು ಸಾವಿರದ ಮುನ್ನೂರ ಹದಿನೆಂಟು, ಏಳನೆಯ ಸ್ಥಾನ. ದಡದ ಮೂರು ಮತಗಟ್ಟೆಗಳಲ್ಲಿ ನೀನೇ ಮೊದಲು. ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ನಮ್ಮ ಮತಗಟ್ಟೆಯ ಎದುರಿಗೆ ಒಂದು ಎಂದಿದೆ. ಉಳಿದ ಹದಿಮೂರು ಚುನಾವಣೆಗೂ ಒಂದೊಂದು ಸಾಲು ಬರೆದವರು ಇದಕ್ಕೆ ಮಾತ್ರ ಬರೆದಿಲ್ಲ.

ಕೊನೆಯ ವಾರ ಉಸಿರಾಟ ಕಷ್ಟವಾಗಿತ್ತು, ಆದರೆ ಎಚ್ಚರವಿತ್ತು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಚಮಚ ಪಕ್ಕಕ್ಕೆ ಸರಿಸಿ, “ಅವಳಿಗೆ ಹೇಳಿಬಿಡೋಣ್ವಾ?” ಅಂದರು. ‘ನೀನು ಹೇಳು’ ಎಂದು ನನಗೆ ಅನ್ನಲಿಲ್ಲ. ತಾವೂ ತಪ್ಪಿನಲ್ಲಿ ಪಾಲುದಾರರು ಎನ್ನುವ ಹಾಗೆ ಕೇಳಿದರು. “ಮೊದಲು ಹುಷಾರಾಗಿ, ಆಮೇಲೆ ನೋಡೋಣ” ಎಂದು ನಾನು ಬಾಯಿ ಒರೆಸಿದೆ. ಮತ್ತೆ ಅವರು ಆ ಮಾತು ಎತ್ತಲಿಲ್ಲ. ಐದನೆಯ ದಿನ ಹೋದರು. ನೀನು ಬಂದದ್ದು ಎಲ್ಲ ಮುಗಿದ ಮೇಲೆ, ನನ್ನ ಸಲುವಾಗಿ. ನನ್ನ ಕೈ ಹಿಡಿದು ಕೂತೆ, ಅವರ ಫೋಟೋದ ಕಡೆ ನೋಡಲೇ ಇಲ್ಲ. ಆಗಲೂ ನಾನು ಸುಮ್ಮನಿದ್ದೆ.

ಮುನ್ನುಡಿಯಲ್ಲಿ ನಿಜ ಬರೆ. ‘ಆ ಒಂದು ಓಟು ನನ್ನ ಅಣ್ಣನದು’ ಎಂದು ಬರೆ. ಇನ್ನೊಂದು ಯಾರದು, ಎಲ್ಲಿಗೆ ಹೋಯಿತು ಎಂದು ಬರೆದರೂ ನನ್ನ ತಕರಾರಿಲ್ಲ. ನೀನು ಬೈದು ಬರೆದರೆ ಓದುತ್ತೇನೆ, ಏನೂ ಬರೆಯದಿದ್ದರೆ ಅದೂ ಅರ್ಥವಾಗುತ್ತದೆ. ಕ್ಷಮಿಸು ಎಂದು ಕೇಳಬೇಕಾದವರನ್ನು ಕೇಳುವ ದಿನ ನನಗೆ ಕಳೆದುಹೋಯಿತು. ನಿನ್ನನ್ನು ಕೇಳಲು ಇನ್ನೂ ಮುಖವಿಲ್ಲ.

ಮಂಡಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಎದುರು ತಲೆ ತಗ್ಗಿಸಿರುವ,
ಅತ್ತಿಗೆ

ಮರೆತಿದ್ದು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಚಿದ ಮೇಲೆ ಮತ್ತೆ ತೆರೆದೆ. ಕೆಲಸ ಹೋಗುತ್ತದೆಂದು ಹೆದರಿ ಹಾಗೆ ಮಾಡಿದೆ ಅನ್ನುವ ಹಾಗೆ ಮೇಲೆ ಬರೆದಿದ್ದೇನೆ. ಅದು ಸುಳ್ಳು. ನನ್ನ ಕೆಲಸ ಓಟಿಗೆ ಮೂರು ವಾರ ಮೊದಲೇ ಖಾಯಂ ಆಗಿತ್ತು, ಕಾರ್ಖಾನೆಯ ಬೋರ್ಡಿನಲ್ಲಿ ನನ್ನ ಹೆಸರು ನಾಲ್ಕನೆಯದಾಗಿ ಅಂಟಿಸಿದ್ದರು. ನಿನ್ನ ಅಣ್ಣನಿಗೂ ಅದು ಗೊತ್ತಿತ್ತು. ನಿಜವಾದ ಕಾರಣ ಬೇರೆ. ಓಟಿಗೆ ಕೆಲವು ದಿನ ಮೊದಲು ನಮ್ಮ ಮುಂದಿನ ಕೋಣೆಯಲ್ಲಿ ನೀನು ಎಂಟು ಹತ್ತು ಹೆಂಗಸರನ್ನು ಕೂರಿಸಿಕೊಂಡು ಮಷಿನ್ ಹೇಗೆ ಒತ್ತಬೇಕೆಂದು ಹೇಳಿಕೊಡುತ್ತಿದ್ದೆ. ನಾನು ಚಹಾ ತಂದೆ. ನೀನು ನನ್ನನ್ನು ತೋರಿಸಿ, “ನಮ್ಮ ಅತ್ತಿಗೆ ನೋಡಿ, ಪಾಪ, ಏಳನೇ ಕ್ಲಾಸು. ದಡ, ಬಂದರು ಒಂದೂ ತಲೆಗೆ ಹೋಗಲ್ಲ. ಆದ್ರೆ ಹೇಳಿದ ಕಡೆ ಒತ್ತುತ್ತಾರೆ” ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿನ್ನ ಅಣ್ಣ ನಗಲಿಲ್ಲ. ಎದ್ದು ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಒಳಗೆ ಹೋಗಿ ಲೋಟಗಳನ್ನೆಲ್ಲ ತಾವೇ ತೊಳೆದಿಟ್ಟರು. ಮರೆಯ ಹಿಂದೆ ನಿಂತಾಗ ನನಗೆ ಆ ನಗು ನೆನಪಿತ್ತು, ಆ ಲೋಟಗಳು ನೆನಪಾಗಲಿಲ್ಲ.