ಲಾಕ್ಲನ್‌ನ ಕಲ್ಲಿಗೊಂದು ಹೆಸರು

ನವೆಂಬರ್ ೧೪, ಗುರುವಾರ.

ತಮ್ಮ ಲಾಕ್ಲನ್‌ನ ಸಮಾಧಿಕಲ್ಲಿಗೆ ಯಾವ ಮನೆತನದ ಹೆಸರು ಕೆತ್ತಲಿ ಎಂದು ಕಲ್ಲುಕುಟಿಗ ಇವತ್ತೂ ಕೇಳಿದ. ಬದುಕೆಲ್ಲ ಡ್ರಮ್ಮಂಡ್ ಎಂದೇ ಕರೆಸಿಕೊಂಡವನು ಸಾಯುವಾಗ ನನ್ನ ಕೈ ಹಿಡಿದು, ಮ್ಯಾಕ್‌ಗ್ರೆಗರ್ ಎಂದು ಕೆತ್ತಿಸು ಅಂದಿದ್ದ. ಹೂಂ ಅಂದಿದ್ದೆ.

ನಮ್ಮ ನಿಜವಾದ ಹೆಸರು ಅದೇ. ನಾನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ದೊರೆ ಅದನ್ನು ನಿಷೇಧಿಸಿದ, ಹೇಳಿಕೊಂಡವರಿಗೆ ಸಾವು. ಆಗ ನಮ್ಮ ಹಿರಿಯರ ಎರಡು ಕೂಸುಗಳನ್ನು ಪಕ್ಕದ ಡ್ರಮ್ಮಂಡರ ಮನೆಯಾಕೆ ತನ್ನ ಮಕ್ಕಳ ನಡುವೆ ಮಲಗಿಸಿ, ಹುಡುಕಿ ಬಂದವರಿಗೆ, ಎಲ್ಲವೂ ನನ್ನವೇ ಅಂದಳಂತೆ. ಅಂದಿನಿಂದ ನಾವು ಡ್ರಮ್ಮಂಡರು.

ಲಾಕ್ಲನ್‌ನ ಹೆಂಡತಿ ಐಲಾಳನ್ನು ಕೇಳಿದೆ. ಟೀ ಬಗ್ಗಿಸುತ್ತಾ ಅಂದಳು: “ಹೆಂಗಸ್ರಿಗೆ ಈ ಗೋಳಿಲ್ಲ ಭಾವ. ನಮ್ಮ ಪದ್ಧತೀಲಿ ಅದೇ ಕಲ್ಲಲ್ಲಿ ನಾಳೆ ನಂಗೆ ನನ್ನ ತವರಿನ ಹೆಸರೇ ತಾನೇ ಕೆತ್ಸೋದು? ಗಂಡಸ್ರು ನೀವು ಕಿತ್ತಾಡ್ಕೊಳ್ಳಿ.” ಆಮೇಲೆ ಮೆಲ್ಲಗೆ, “ಆದ್ರೆ ಆ ಮಹಾತಾಯಿಗೆ ಒಂದು ಕಲ್ಲೂ ಇಲ್ಲ, ಅಲ್ವಾ? ಅವಳು ಕೊಟ್ಟ ಹೆಸರನ್ನ ನಾವೇ ಅಳಿಸ್ಬಿಟ್ರೆ ಅವಳದು ಅಂತ ಇನ್ನೇನು ಉಳಿಯುತ್ತೆ?”

ಸಂಜೆ ಹೋಗಿ ಡ್ರಮ್ಮಂಡ್ ಎಂದು ಹೇಳಿ ಬಂದೆ. ತಮ್ಮನಿಗೆ ಕೊಟ್ಟ ಮಾತು ಮುರಿದೆ. ಅವನಿದ್ದಿದ್ದರೆ ಬಾಗಿಲು ದಬ್ಬಿಕೊಂಡು ಬಂದು, “ಏನಣ್ಣಾ, ನಾನು ಹೇಳಿದ್ದೇನು, ನೀನು ಮಾಡಿದ್ದೇನು?” ಎಂದು ವಾರಗಟ್ಟಲೆ ಜಗಳವಾಡುತ್ತಿದ್ದ. ಅವನಿಗೆ ಕೊಡಬೇಕಾದ ಉತ್ತರಗಳನ್ನೆಲ್ಲ ದಾರಿಯುದ್ದಕ್ಕೂ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಾ ಬಂದೆ. ಬೈಯುವವನು ಇನ್ನಿಲ್ಲ ಎಂಬುದು ಮನೆಗೆ ಬಂದು ಕೋಟು ಬಿಚ್ಚುವಾಗಲೇ ಹೊಳೆದದ್ದು.